ಪಾಸ್ಟರಮ್ಮ ಬಂದರೆ ‘ಅಮ್ಮನವರ’ ಕೆಲಸ ಯಾರು ಮಾಡಬೇಕು?

ಪಿಂಪ್ರಿ ಪಾಲಕಿ, ಪುಣೆ

ಎಲ್ಲರಿಗೂ ವಂದನೆ. ನಾನು ಪುಣೆಯ ಒಂದು ಕನ್ನಡ ಕ್ರೈಸ್ತ ಸಭೆಯ ಪಾಲಕಿ, ಅಂದರೆ ಪಾಸ್ಟರ್. ದೀಕ್ಷೆ ಆಗಿ ಹನ್ನೊಂದು ವರ್ಷ. ಈ ಸಭೆಗೆ ಬಂದು ಐದು ವರ್ಷ. ಸುಮಾರು ಅರವತ್ತು ಮನೆ ಇವೆ. ಜಾಸ್ತಿ ಜನ ಯಾದಗಿರಿ, ಕಲಬುರಗಿ, ಬೀದರ್ ಕಡೆಯಿಂದ ದುಡಿಯಲು ಬಂದವರು. ಗಾರೆ ಕೆಲಸ, ಸೆಂಟ್ರಿಂಗ್, ಮನೆಗೆಲಸ, ಫ್ಯಾಕ್ಟರಿ. ಮಂಗಳೂರು ಕಡೆಯ ಹಳೆಯ ಬಾಸೆಲ್ ಮಿಶನ್ (ಪ್ರೊಟೆಸ್ಟೆಂಟ್ ಮಿಶನ್) ಮನೆತನದವರೂ ನಾಲ್ಕೈದು ಕುಟುಂಬ ಇದ್ದಾರೆ. ಭಾನುವಾರ ಬೆಳಿಗ್ಗೆ ಎಷ್ಟೋ ಜನರಿಗೆ ರಜೆ ಸಿಗುವುದಿಲ್ಲ. ಅದಕ್ಕೆ ಸಂಜೆ 7ಕ್ಕೂ ಒಂದು ಆರಾಧನೆ ಇಟ್ಟಿದ್ದೇವೆ.

ಈ ಸೇವೆಗೆ ನನಗೆ ದೇವರ ಕರೆ ಬಂದದ್ದು ಕನಸಿನಲ್ಲಲ್ಲ. ಆಗ ನನಗೆ ಹತ್ತೊಂಬತ್ತು. ಯಾದಗಿರಿ ಹತ್ತಿರದ ನಮ್ಮ ಊರಲ್ಲಿ ಎದುರು ಮನೆ ಅಜ್ಜಿ ಸಾಯುವ ಸ್ಥಿತಿಯಲ್ಲಿದ್ದರು. ನಮ್ಮ ಪಾಲಕರಾದ ಅಯ್ಯನವರಿಗೆ ಏಳು ಹಳ್ಳಿ, ಅವತ್ತು ಬೇರೆ ಹಳ್ಳಿಯಲ್ಲಿದ್ದರು. ಗಂಡಸರೆಲ್ಲ ಬಾಗಿಲ ಹೊರಗೆ ನಿಂತಿದ್ದರು. ಅಜ್ಜಿ ನನ್ನ ಕೈ ಹಿಡಿದು, ‘ನೀನೇ ಪ್ರಾರ್ಥನೆ ಮಾಡವ್ವಾ’ ಅಂದರು. ನಾನು ಬೈಬಲ್‌ನ 23ನೇ ಕೀರ್ತನೆ ಓದಿದೆ. ಓದಿ ಮುಗಿಸುವಷ್ಟರಲ್ಲಿ ಅವರ ಹಿಡಿತ ಸಡಿಲಾಗಿತ್ತು. ಆಮೇಲೆ ನನಗೆ ಬೇರೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಅಪ್ಪನನ್ನು ಒಪ್ಪಿಸಲು ನಾಲ್ಕು ವರ್ಷ ಹಿಡಿಯಿತು. ನಂತರ ಮಂಗಳೂರಿನ ಬಲ್ಮಠದಲ್ಲಿ ಬಿ.ಡಿ. (ದೇವಶಾಸ್ತ್ರದ ಪದವಿ) ಓದಿದೆ.

ಈಗ ವಿಷಯ. ಕಳೆದ ತಿಂಗಳ ಕಮಿಟಿಯಲ್ಲಿ ಒಬ್ಬರು ಎದ್ದು, ‘ಮನೆ ಭೇಟಿ ಕಡಿಮೆಯಾಗಿದೆ, ಸ್ತ್ರೀ ಸಂಘ ಸೊರಗಿದೆ, ಹಿಂದಿನ ಅಯ್ಯನವರ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು’ ಅಂದರು. ನನಗೆ ನೋವಾಯಿತು. ಆದರೆ ಮನೆಗೆ ಬಂದು ಯೋಚಿಸಿದಾಗ ಅವರು ಹೇಳಿದ್ದು ಸುಳ್ಳಲ್ಲ ಅನ್ನಿಸಿತು. ಹಿಂದಿನ ಅಯ್ಯನವರ ಜೊತೆ ಅವರ ಹೆಂಡತಿ ಅಮ್ಮನವರು ಇದ್ದರು. ಗುರುವಾರದ ಹೆಂಗಸರ ಪ್ರಾರ್ಥನೆ ಅವರದು. ಬಾಣಂತಿಯನ್ನು ನೋಡಿ ಬರುವುದು ಅವರು. ಸಂಡೆ ಸ್ಕೂಲ್ ಅವರು. ಊರಿಂದ ಬಂದವರಿಗೆ ರೊಟ್ಟಿ ಬಡಿಯುವುದು, ಕರ್ತನ ಭೋಜನದ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ) ಮೇಜಿನ ಬಟ್ಟೆ ಒಗೆಯುವುದು, ಗಂಡ ಹೊಡೆದ ಅಂತ ರಾತ್ರಿ ಓಡಿ ಬಂದವಳನ್ನು ಒಳಗೆ ಮಲಗಿಸಿಕೊಳ್ಳುವುದು, ಎಲ್ಲ ಅವರು. ಸಂಬಳ ಒಂದು, ದುಡಿಯುವವರು ಇಬ್ಬರು.

ಈಗ ಪಾಲಕಿ ನಾನು. ಜನ ನನ್ನಲ್ಲಿ ಅಯ್ಯನವರನ್ನೂ ಹುಡುಕುತ್ತಾರೆ, ಅಮ್ಮನವರನ್ನೂ ಹುಡುಕುತ್ತಾರೆ. ನನ್ನ ಯಜಮಾನರು ಭೋಸರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಪಾಲಕರ ಹೆಂಡತಿಯನ್ನು ಕರೆಯಲು ಸಭೆಗೆ ಒಂದು ಮಾತಿದೆ. ಪಾಲಕಿಯ ಗಂಡನನ್ನು ಕರೆಯಲು ಮಾತೇ ಇಲ್ಲ. ಮಾತಿಲ್ಲದ್ದರಿಂದ ಅವರಿಂದ ಯಾರೂ ಏನನ್ನೂ ಕೇಳುವುದಿಲ್ಲ.

ಇದರ ಮೇಲೆ ವರ್ಗಾವಣೆಯ ಮಾತು ಬಂದಿದೆ. ಮಗಳು ಈ ವರ್ಷ ಹತ್ತನೇ ತರಗತಿ. ಇಲ್ಲಿ ಮರಾಠಿ, ಇಂಗ್ಲಿಷ್‌ನಲ್ಲಿ ಓದಿದವಳು. ಕನ್ನಡ ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾಳೆ. ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ‘ಕರೆ ಇದ್ದವಳು ಮನೆ ನೆಪ ಹೇಳಬಾರದು’ ಅಂತ ಒಬ್ಬರು. ‘ತಾಯಿಯಾದವಳು ಮೊದಲು ಮನೆ ನೋಡಬೇಕು’ ಅಂತ ಇನ್ನೊಬ್ಬರು. ನಿಮ್ಮ ಅನುಭವ ಹೇಳಿ.

ಮುಲುಂಡ್ ಅಮ್ಮ, ಮುಂಬಯಿ

ಪಾಲಕಿಯಮ್ಮ, ನೀವು ಹೇಳಿದ ಆ ‘ಅಮ್ಮನವರು’ ನಾನೇ. ನಿಮ್ಮ ಸಭೆಯವಳಲ್ಲ, ಆದರೆ ಅಂಥವಳೇ. 26 ವರ್ಷ ಮುಂಬಯಿಯಲ್ಲಿ ಅಯ್ಯನವರ ಜೊತೆ ಸೇವೆ ಮಾಡಿದೆ. ಮಂಗಳವಾರ ಧಾರಾವಿ, ಗುರುವಾರ ಅಂಬರನಾಥ್. ಲೋಕಲ್‌ನಲ್ಲಿ ನಿಂತುಕೊಂಡೇ ಪ್ರಸಂಗ, ಅಂದರೆ ಉಪದೇಶ, ತಯಾರು ಮಾಡುತ್ತಿದ್ದೆ. ಹೆಂಗಸರ ಕೂಟದಲ್ಲಿ ಅದನ್ನು ‘ಪ್ರಸಂಗ’ ಅನ್ನುತ್ತಿರಲಿಲ್ಲ, ‘ಎರಡು ಮಾತು’ ಅನ್ನುತ್ತಿದ್ದರು.

ನನಗೂ ಕರೆ ಇತ್ತು. ಇದನ್ನು ನಾನು ಯಾರ ಹತ್ತಿರವೂ ಹೇಳಿಲ್ಲ. ಮದುವೆಗೆ ಮುಂಚೆ ಬೈಬಲ್ ಸ್ತ್ರೀ (ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಹೇಳಿಕೊಡುವವಳು) ಆಗಿ ಎರಡು ವರ್ಷ ಹಳ್ಳಿ ತಿರುಗಿದ್ದೆ. ಅಯ್ಯನವರನ್ನು ಮದುವೆಯಾದರೆ ಸೇವೆ ಮುಂದುವರಿಯುತ್ತದೆ ಅಂತ ಒಪ್ಪಿದೆ. ಮುಂದುವರಿಯಿತು ಕೂಡ. ಆದರೆ ಒಂದು ಸಲವೂ ಯಾರೂ ‘ನಿನಗೆ ಏನು ಕರೆ?’ ಅಂತ ಕೇಳಲಿಲ್ಲ. ನನ್ನ ತಾಯಿ ತೀರಿಕೊಂಡ ಮೂರನೇ ದಿನ ಈಸ್ಟರ್. ಊರಿಂದ ರಾತ್ರಿ ಗಾಡಿ ಹಿಡಿದು ಬಂದು ನೂರು ಜನರಿಗೆ ತಿಂಡಿ ಮಾಡಿಸಿದೆ. ಬೇಡ ಅನ್ನುವವರು ಒಬ್ಬರೂ ಇರಲಿಲ್ಲ.

ನನ್ನದು ಒಂದೇ ಮಾತು. ನನ್ನ ಕೆಲಸವನ್ನು ನೀವು ನಿಮ್ಮ ಕೆಲಸದ ಮೇಲೆ ಹೇರಿಕೊಳ್ಳಬೇಡಿ. ಅದು ಇಡೀ ಸಭೆಯ ಕೆಲಸ, ಇಷ್ಟು ವರ್ಷ ಒಬ್ಬಳ ತಲೆ ಮೇಲಿತ್ತು ಅಷ್ಟೇ. ಈಗ ಅದನ್ನು ಸಭೆಗೆ ವಾಪಸ್ ಕೊಡಿ.

ಚಿಂಚವಾಡದ ಹಿರಿಯ

ನಾನು ಈ ವಿಷಯದಲ್ಲಿ ಬೇರೆ ಅಭಿಪ್ರಾಯದವನು. ಮುಚ್ಚಿಡುವುದು ಸರಿಯಲ್ಲ, ಅದಕ್ಕೆ ಹೇಳುತ್ತೇನೆ. ಬೈಬಲ್‌ನಲ್ಲಿ ಅಪೊಸ್ತಲ ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 2ನೇ ಅಧ್ಯಾಯದಲ್ಲಿ ಹೆಂಗಸು ಉಪದೇಶ ಮಾಡುವುದಕ್ಕೆ ಒಪ್ಪಿಗೆ ಇಲ್ಲ ಅಂತ ಸ್ಪಷ್ಟವಾಗಿದೆ. ನಾನು ಓದಿ ಬೆಳೆದದ್ದು ಹಾಗೆ. ಹೆಣ್ಣುಮಕ್ಕಳು ಕಡಿಮೆ ಅಂತ ನನ್ನ ಮಾತಲ್ಲ. ನನಗೆ ಸತ್ಯವೇದ (ಬೈಬಲ್) ಓದಲು ಕಲಿಸಿದವಳೇ ನನ್ನ ಅವ್ವ.

ಇನ್ನೊಂದು, ಮನಸ್ಸಿನಲ್ಲಿರುವುದು. ರಾತ್ರಿ ಎರಡು ಗಂಟೆಗೆ ಸಾವಿನ ಮನೆಗೆ ಪಾಲಕರನ್ನು ಕರೆಯಬೇಕಾಗುತ್ತದೆ. ನಮ್ಮ ಜನ ಇರುವುದು ಲೇಬರ್ ಕ್ಯಾಂಪಿನಲ್ಲಿ, ಚಾಳಿನಲ್ಲಿ. ಅಲ್ಲಿಗೆ ಒಬ್ಬ ಹೆಣ್ಣುಮಗಳನ್ನು ಕರೆಯಲು ನನಗೆ ಕೈ ಬರುವುದಿಲ್ಲ. ನಮ್ಮ ಮಗಳಾಗಿದ್ದರೆ ಕಳಿಸುತ್ತಿದ್ದೆವಾ?

ಬಿಬವೇವಾಡಿ ವಿದ್ಯಾರ್ಥಿನಿ, ಪುಣೆ

ಹಿರಿಯರೇ, ನೀವು ನೇರವಾಗಿ ಹೇಳಿದ್ದು ಒಳ್ಳೆಯದಾಯಿತು. ನಾನು ಇಲ್ಲೇ ಸೆಮಿನರಿಯಲ್ಲಿ ಓದುತ್ತಿದ್ದೇನೆ. ಮೂಲ ಗುಲಬರ್ಗಾ ಜಿಲ್ಲೆ.

ಆ ವಚನ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೇ ಅಧ್ಯಾಯದಲ್ಲಿ ಹೆಂಗಸರು ಸಭೆಯಲ್ಲಿ ಪ್ರಾರ್ಥನೆ, ಪ್ರವಾದನೆ (ದೇವರ ಮಾತು ಸಾರುವುದು) ಮಾಡುವಾಗ ತಲೆ ಹೇಗಿರಬೇಕು ಅಂತ ಹೇಳುತ್ತಾನೆ. ಮಾತೇ ಆಡಬಾರದು ಅಂತಿದ್ದರೆ ತಲೆಯ ವಿಷಯ ಯಾಕೆ? ಅಪೊಲ್ಲೋಸನಂಥ ದೊಡ್ಡ ಮಾತುಗಾರನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ಬಿಡಿಸಿ ಹೇಳಿದ್ದು ಅಕ್ವಿಲ ಒಬ್ಬನೇ ಅಲ್ಲ, ಪ್ರಿಸ್ಕಿಲ್ಲಳೂ. ಅವರಿಬ್ಬರೂ ಗುಡಾರ ಮಾಡುವ ಕಸುಬಿನವರು. ದುಡಿಮೆ, ಸಂಸಾರ, ಸೇವೆ ಮೂರೂ ಒಂದೇ ಮನೆಯಲ್ಲಿ ನಡೆಯಿತು.

ನನಗೆ ಜಾಸ್ತಿ ಮುಟ್ಟುವುದು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ ಬರುತ್ತಿದ್ದಾಳೆ, ಅವಳನ್ನು ಸೇರಿಸಿಕೊಳ್ಳಿ ಅನ್ನುತ್ತಾನೆ ಪೌಲ. ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಅವಳಿಗೆ ಯಾವ ಕೆಲಸದಲ್ಲಿ ನಿಮ್ಮ ಸಹಾಯ ಬೇಕೋ ಅದನ್ನು ಮಾಡಿ ಅನ್ನುತ್ತಾನೆ. ಪಾಲಕಿಯಮ್ಮ ಕೇಳುತ್ತಿರುವುದು ಅದನ್ನೇ ಅಲ್ವಾ? ಅವರನ್ನು ಸೇರಿಸಿಕೊಂಡಿದ್ದೇವೆ. ಸಹಾಯದ ಮಾತು ಮರೆತಿದ್ದೇವೆ.

ಇದು ಹೊಸದಾಗಿ ಹುಟ್ಟಿದ ವಿಚಾರವೂ ಅಲ್ಲ. ಅಮೆರಿಕದ ಮೆಥೋಡಿಸ್ಟ್ ಸಭೆ 1956ರಲ್ಲೇ ಹೆಂಗಸರಿಗೆ ಪಾಲಕತ್ವದ ಪೂರ್ತಿ ಹಕ್ಕು ಕೊಟ್ಟಿತು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ 2013ರಲ್ಲಿ ಎಗ್ಗೋನಿ ಪುಷ್ಪಲಲಿತ ಅವರು ನಂದ್ಯಾಲ ಡಯೊಸೀಸಿನ (ಬಿಷಪ್ ನೋಡಿಕೊಳ್ಳುವ ಪ್ರಾಂತ್ಯ) ಬಿಷಪ್ ಆದರು. ಆ ಸಭೆಯ ಮೊದಲ ಮಹಿಳಾ ಬಿಷಪ್ ಅವರು.

ಪಿಂಪ್ರಿ ಪಾಲಕಿ

ಹಿರಿಯರೇ, ನಿಮ್ಮ ಎರಡನೆಯ ಮಾತಿಗೆ ಉತ್ತರ ಕೊಡುತ್ತೇನೆ. ರಾತ್ರಿ ನನ್ನನ್ನು ಕರೆಯುತ್ತಾರೆ. ನಾನು ಹೋಗುತ್ತೇನೆ. ಹೋದ ವರ್ಷ ಮೋಶಿ ಕಡೆಯ ಒಂದು ಕ್ಯಾಂಪಿನಲ್ಲಿ ಮೇಲಿಂದ ಬಿದ್ದು ಒಬ್ಬ ಹುಡುಗ ತೀರಿಕೊಂಡ. ಹೆಂಡತಿಗೆ ಇಪ್ಪತ್ತೆರಡು ವರ್ಷ. ನಾನು ಹೋದಾಗ ಅವಳು ತಗಡಿನ ಶೆಡ್ಡಿನ ಮೂಲೆಯಲ್ಲಿ ಕೂತಿದ್ದಳು, ಸುತ್ತ ಗಂಡಸರೇ. ಅವಳು ಯಾರ ಹತ್ತಿರವೂ ಮಾತಾಡಿರಲಿಲ್ಲ. ನನ್ನನ್ನು ನೋಡಿದ ತಕ್ಷಣ ಕಿವಿಯಲ್ಲಿ, ‘ಅಕ್ಕಾ, ನಾನು ಎರಡು ತಿಂಗಳ ಗರ್ಭಿಣಿ, ಅವರಿಗೂ ಹೇಳಿರಲಿಲ್ಲ’ ಅಂದಳು. ಅವತ್ತು ಅಲ್ಲಿ ಪಾಲಕಿಯೇ ಬೇಕಾಗಿತ್ತು ಅಂತ ನಾನು ನಂಬುತ್ತೇನೆ.

ಹಾಗಂತ ಭಯ ಇಲ್ಲ ಅನ್ನುವುದಿಲ್ಲ. ಅವತ್ತು ವಾಪಸ್ ಬರುವಾಗ ಮೂರೂವರೆ. ರಿಕ್ಷಾ ಸಿಗಲಿಲ್ಲ. ಒಂದು ಕಿಲೋಮೀಟರ್ ನಡೆದೆ. ನನ್ನ ಜೊತೆ ಯಾರಾದರೂ ಬರಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಅದಕ್ಕೆ ಪರಿಹಾರ ಕರೆಯದೇ ಇರುವುದಲ್ಲ.

ಇನ್ನೊಂದು ಇಲ್ಲಿ ಹೇಳಿಬಿಡುತ್ತೇನೆ. ಬಂದ ಮೊದಲ ವರ್ಷ ಇಬ್ಬರು ಹಿರಿಯ ಹೆಂಗಸರು ಬಂದು, ‘ಮುಟ್ಟಿನ ದಿನ ನೀವು ಕರ್ತನ ಭೋಜನದ ಪಾತ್ರೆ ಹಿಡಿಯುವುದಿಲ್ಲ ಅಲ್ವಾ?’ ಅಂತ ಮೆಲ್ಲಗೆ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಭಕ್ತಿಯಿಂದಲೇ ಕೇಳಿದ್ದು. ಮುಂದಿನ ಭಾನುವಾರ ನಾನು ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ ತೆಗೆದುಕೊಂಡೆ. ಹನ್ನೆರಡು ವರ್ಷ ರಕ್ತಸ್ರಾವ ಇದ್ದ ಹೆಂಗಸು ಗುಂಪಿನೊಳಗೆ ನುಗ್ಗಿ ಯೇಸುವಿನ ಬಟ್ಟೆ ಮುಟ್ಟುತ್ತಾಳೆ. ಆತ ಹಿಂದೆ ಸರಿಯುವುದಿಲ್ಲ, ತೊಳೆದುಕೊಳ್ಳುವುದಿಲ್ಲ. ‘ಮಗಳೇ’ ಅನ್ನುತ್ತಾನೆ. ಎಲ್ಲರ ಮುಂದೆ. ಆ ಒಂದು ಪದದ ಮೇಲೆಯೇ ಅರ್ಧ ಗಂಟೆ ಮಾತಾಡಿದೆ. ಆರಾಧನೆ ಮುಗಿದ ಮೇಲೆ ಅವರಲ್ಲಿ ಒಬ್ಬರು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಇನ್ನೊಬ್ಬರು ಎರಡು ವರ್ಷ ನನ್ನ ಕೈಯಿಂದ ರೊಟ್ಟಿ ತೆಗೆದುಕೊಳ್ಳಲಿಲ್ಲ.

ವಾಸ್ಕೋ ನರ್ಸ್, ಗೋವಾ

ನಾನು ಪಾಲಕಿಯ ಮಗಳು. ಅಮ್ಮನಿಗೆ ಈಗ ನಿವೃತ್ತಿ ಆಗಿದೆ. ನಾವು ಉತ್ತರ ಕರ್ನಾಟಕದಲ್ಲಿ ಬೆಳೆದವರು. ನಾನು ಈಗ ವಾಸ್ಕೋದಲ್ಲಿದ್ದೇನೆ. ಜುವಾರಿ ನಗರದ ಕನ್ನಡ ಜನರ ಪ್ರಾರ್ಥನೆಗೆ ಹೋಗುತ್ತೇನೆ.

ಅಮ್ಮ ಎಲ್ಲರ ಅಮ್ಮ ಆಗಿದ್ದರು. ನನಗೆ ಅದರ ಸಿಟ್ಟು ತುಂಬಾ ದಿನ ಇತ್ತು. ಹತ್ತನೇ ಪರೀಕ್ಷೆಯ ಮೊದಲ ದಿನ ಅಮ್ಮ ಮನೆಯಲ್ಲಿರಲಿಲ್ಲ, ಯಾರದೋ ಮಣ್ಣಿಗೆ ಹೋಗಿದ್ದರು. ನಾನೇ ಜಡೆ ಹಾಕಿಕೊಂಡು ಹೋದೆ. ನನಗೆ ಅಮ್ಮ ಬೇಕಿತ್ತು, ಬೇರೆ ಏನಲ್ಲ.

ಆದರೆ ಸೋಮವಾರ ನಮ್ಮದಾಗಿತ್ತು. ಪಾಲಕರ ಮನೆಯ ಬಾಗಿಲು ಯಾವತ್ತೂ ಮುಚ್ಚುವುದಿಲ್ಲ ಅಂತಾರಲ್ಲ, ಅಮ್ಮ ಸೋಮವಾರ ಮಧ್ಯಾಹ್ನ ಮುಚ್ಚುತ್ತಿದ್ದರು. ಶಾಲೆಯಿಂದ ಬಂದರೆ ಅಮ್ಮ ಇರುತ್ತಿದ್ದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ. ಸಭೆಯ ಮಾತು ಒಂದೂ ಇಲ್ಲ. ಆ ಸೋಮವಾರಗಳು ಇಲ್ಲದಿದ್ದರೆ ನಾನು ಇವತ್ತು ಯಾವ ಪ್ರಾರ್ಥನೆಗೂ ಹೋಗುತ್ತಿರಲಿಲ್ಲ.

ಪಾಲಕಿಯಮ್ಮ, ಒಂದು ಕೇಳಲಾ? ವರ್ಗಾವಣೆ ಬಗ್ಗೆ ಇಷ್ಟು ಜನರನ್ನು ಕೇಳಿದ್ದೀರಿ. ಮಗಳನ್ನು ಕೇಳಿದ್ದೀರಾ?

ಬಾಂದ್ರಾದ ಮಂಗಳೂರಿನವಳು

ನಾನು ಕಥೊಲಿಕಳು. ನಮ್ಮಲ್ಲಿ ಹೆಂಗಸರಿಗೆ ಗುರುದೀಕ್ಷೆ ಇಲ್ಲ. 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನು ಪತ್ರ ಬರೆದೇ ತಿಳಿಸಿದ್ದಾರೆ. ನಮ್ಮ ಗುರುಗಳಿಗೆ ಸಂಸಾರವೂ ಇಲ್ಲ. ಹಾಗಾಗಿ ನೀವು ಹೇಳುವ ‘ಅಮ್ಮನವರು’ ನಮಗೆ ಗೊತ್ತೇ ಇರಲಿಲ್ಲ. ಓದುತ್ತಾ ಓದುತ್ತಾ ನನಗೆ ನಮ್ಮ ಸಿಸ್ಟರ್‌ಗಳ ನೆನಪಾಯಿತು. ಶಾಲೆ, ಆಸ್ಪತ್ರೆ, ಅನಾಥರ ಮನೆ, ಎಲ್ಲ ನಡೆಸುವವರು ಅವರು. ನಿಮ್ಮೆಲ್ಲರಿಗಾಗಿ ಇವತ್ತು ಒಂದು ಮೇಣದ ಬತ್ತಿ ಹಚ್ಚುತ್ತೇನೆ.

ಪಾಲಕಿಯ ಮನೆಯವನು, ಕಲ್ಯಾಣ್

ನನ್ನ ಹೆಂಡತಿ ಪಾಲಕಿ. ಒಂಬತ್ತು ವರ್ಷ ಆಯಿತು. ಗಂಡನನ್ನು ಕರೆಯಲು ಮಾತಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಮೊದಲ ಎರಡು ವರ್ಷ ನಾನು ಹಿಂದಿನ ಬೆಂಚಿನಲ್ಲಿ ಅತಿಥಿ ಥರ ಕೂರುತ್ತಿದ್ದೆ. ಅವಳು ನಿಲುವಂಗಿ ಹಾಕಿಕೊಂಡು ಮುಂದೆ ನಿಂತಾಗ ಎರಡು ವರ್ಷದ ಮಗ ‘ಮಮ್ಮಿ’ ಅಂತ ಓಡಿಬಿಡುತ್ತಿದ್ದ. ಜನ ಅವಳನ್ನೇ ನೋಡುತ್ತಿದ್ದರು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಒಂದು ಭಾನುವಾರ ಅವಳು ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಆಶೀರ್ವಾದ ಹೇಳಿದಳು. ಅವತ್ತು ನನಗೆ ನಾಚಿಕೆ ಆಯಿತು. ಮುಂದಿನ ವಾರದಿಂದ ನಾನು ಮೊದಲ ಬೆಂಚಿಗೆ ಬಂದೆ, ಮಗ ನನ್ನ ತೊಡೆಯ ಮೇಲೆ. ಆಮೇಲೆ ಸಂಡೆ ಸ್ಕೂಲ್ ತೆಗೆದುಕೊಂಡೆ. ಶನಿವಾರ ಅಡುಗೆ ನನ್ನದು, ಯಾಕೆಂದರೆ ಅದು ಅವಳ ಪ್ರಸಂಗದ ದಿನ. ಊರಿಂದ ಅಪ್ಪ ಬಂದಾಗ ಇದನ್ನು ನೋಡಿ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಬೆಳ್ಳುಳ್ಳಿ ಸುಲಿಯಲು ಕೂತರು.

ನಿಮ್ಮ ಯಜಮಾನರಿಗೆ ನೀವೇ ಕೇಳಿ ಪಾಲಕಿಯಮ್ಮ. ಸಭೆ ಕೇಳುವವರೆಗೆ ಕಾಯಬೇಡಿ. ಏನು ಮಾಡಬೇಕು ಅಂತ ಗೊತ್ತಿಲ್ಲದೆ ಕೂತಿರುವ ಗಂಡಸರೂ ಇರುತ್ತಾರೆ. ನಾನು ಹಾಗಿದ್ದೆ.

ಮುಲುಂಡ್ ಅಮ್ಮ

ಮಗಳ ವಿಷಯ ಬಂದದ್ದರಿಂದ ಹೇಳುತ್ತೇನೆ. ಹಿಂದೆ ಒಂದು ಸಲ ನಮ್ಮ ಸ್ತ್ರೀ ಸಂಘದವರನ್ನು ಕೇಡಗಾಂವ್‌ನ ಮುಕ್ತಿ ಮಿಶನ್‌ಗೆ ಕರೆದುಕೊಂಡು ಹೋಗಿದ್ದೆ. ಪುಣೆಯಿಂದ ದೌಂಡ್ ಕಡೆಗೆ ಹೋಗುವ ಗಾಡಿ ಹತ್ತಿ ಅಲ್ಲಿ ಇಳಿಯಬೇಕು. ಪಂಡಿತಾ ರಮಾಬಾಯಿ ಅಲ್ಲಿ ವಿಧವೆಯರಿಗೆ, ಬರಗಾಲದ ಅನಾಥ ಮಕ್ಕಳಿಗೆ ಮನೆ ಕಟ್ಟಿದರು. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ನಮ್ಮ ಹೆಂಗಸರಿಗೆ ಅದು ಗೊತ್ತಿರಲಿಲ್ಲ. ‘ಹಾಗಾದರೆ ನಮ್ಮ ಕಡೆಯವರು!’ ಅಂತ ಎಷ್ಟು ಖುಷಿ ಪಟ್ಟರು.

ಅವರಿಗೆ ಯಾರೂ ದೀಕ್ಷೆ ಕೊಡಲಿಲ್ಲ. ಆದರೂ ಹೀಬ್ರೂ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಮರಾಠಿಗೆ ತಂದರು. ಮುಕ್ತಿಯ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದ್ದು ಅಲ್ಲಿನ ಹೆಣ್ಣುಮಕ್ಕಳೇ. ಗಂಡ ಸತ್ತಾಗ ಮಗಳು ಮನೋರಮಾ ಇನ್ನೂ ಒಂದು ವರ್ಷ ತುಂಬದ ಕೂಸು. ಆ ಮಗಳೇ ಮುಂದೆ ತಾಯಿಯ ಬಲಗೈ ಆದಳು. ಕಲಬುರಗಿಯಲ್ಲಿ ಶಾಲೆ ತೆರೆದಾಗ ಅದನ್ನು ನೋಡಿಕೊಂಡವಳೂ ಅವಳೇ. 1921ರಲ್ಲಿ ಮಗಳು ತೀರಿಕೊಂಡಳು. ಮರುವರ್ಷ ಏಪ್ರಿಲ್‌ನಲ್ಲಿ ತಾಯಿ. ಅಲ್ಲಿ ನಿಂತಾಗ ನನಗೆ ಅನುವಾದಕ್ಕಿಂತ ಆ ತಾಯಿ ಮಗಳ ವಿಷಯವೇ ಜಾಸ್ತಿ ಕಾಡಿತು. ಅವರ ಸೇವೆಯಲ್ಲಿ ಮಗಳಿಗೂ ಒಂದು ಜಾಗ ಇತ್ತು.

ಚಿಂಚವಾಡದ ಹಿರಿಯ

ಎರಡು ದಿನ ಇದನ್ನೆಲ್ಲ ಓದಿದೆ. ತಿಮೊಥೆಯನ ಪತ್ರದ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಅಲ್ಲೇ ಇದೆ. ವಿದ್ಯಾರ್ಥಿನಿ ಹೇಳಿದ ವಚನಗಳನ್ನು ತೆಗೆದು ಓದಿದೆ, ಇನ್ನೂ ಓದುತ್ತೇನೆ. ಆದರೆ ಆ ಒಂದು ಕಿಲೋಮೀಟರ್ ನನ್ನ ತಲೆಯಿಂದ ಹೋಗುತ್ತಿಲ್ಲ. ಪಾಲಕಿಯಮ್ಮ, ನೀವು ಯಾವ ಸಭೆಯವರೋ ಗೊತ್ತಿಲ್ಲ. ನನ್ನ ಮಗನ ಹತ್ತಿರ ಓಮ್ನಿ ಇದೆ. ರಾತ್ರಿ ಯಾವ ಹೊತ್ತಿಗೆ ಬೇಕಾದರೂ ನಾನೂ ನನ್ನ ಮನೆಯವಳೂ ಬರುತ್ತೇವೆ. ಇಲ್ಲಿನ ನಿರ್ವಾಹಕರ ಹತ್ತಿರ ನಂಬರ್ ಕೊಟ್ಟಿದ್ದೇನೆ.

ಪಿಂಪ್ರಿ ಪಾಲಕಿ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೂರು ವಾರ ಆಯಿತು.

ಮೊದಲು ಮಗಳನ್ನು ಕೇಳಿದೆ. ಸೋಮವಾರ, ಫೋನ್ ಬಂದ್ ಮಾಡಿ. ಅವಳು ಏನೂ ಯೋಚಿಸದೆ ಹೇಳಿದಳು: ‘ನೀನು ಎಲ್ಲಿಗೆ ಹೋದರೂ ಪರವಾಗಿಲ್ಲ ಮಮ್ಮಿ, ಪರೀಕ್ಷೆ ಆಗೋ ತನಕ ಬೆಳಿಗ್ಗೆ ಮನೆಯಲ್ಲಿರು.’ ನಾನು ವರ್ಷದ ಲೆಕ್ಕ ಹಾಕುತ್ತಿದ್ದೆ. ಅವಳು ಬೆಳಗಿನ ಲೆಕ್ಕ ಹಾಕಿದ್ದಳು. ಮೇಲಿನವರಿಗೆ ಪತ್ರ ಬರೆದೆ. ನೆಪ ಹೇಳಲಿಲ್ಲ. ಕರೆ ಇದೆ, ಹೋಗುತ್ತೇನೆ, ಮಗಳ ಪರೀಕ್ಷೆ ಮುಗಿದ ಮೇಲೆ ಕಳಿಸಿ ಅಂತ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಯಜಮಾನರನ್ನೂ ಕೇಳಿದೆ. ಅವರು, ‘ನನ್ನನ್ನು ಕೇಳಲಿ ಅಂತ ಐದು ವರ್ಷ ಕಾದೆ’ ಅಂದರು. ಕಲ್ಯಾಣದ ಅಣ್ಣ, ಇದು ನಿಮ್ಮಿಂದ. ಈಗ ಮೊದಲ ಶಿಫ್ಟ್ ಇರುವ ವಾರ ಸಂಜೆ ಕಾಯಿಲೆಯವರ ಭೇಟಿಗೆ ಅವರೂ ಬರುತ್ತಾರೆ. ಮಕ್ಕಳು ಅವರನ್ನು ‘ಪಾಸ್ಟರ್ ಅಪ್ಪ’ ಅಂತ ಕರೆಯಲು ಶುರು ಮಾಡಿದ್ದಾರೆ. ಯಾರೂ ಹೇಳಿಕೊಟ್ಟದ್ದಲ್ಲ.

ಕಮಿಟಿಯಲ್ಲಿ ಅಮ್ಮನವರ ಕೆಲಸಗಳನ್ನು ಒಂದೊಂದಾಗಿ ಬರೆದು ಓದಿದೆ. ಎರಡು ಪುಟ ಆಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗುರುವಾರದ ಪ್ರಾರ್ಥನೆಯನ್ನು ನಾಲ್ವರು ಹೆಂಗಸರು ಸರದಿಯಲ್ಲಿ ನಡೆಸಲು ಒಪ್ಪಿಕೊಂಡರು. ಬಾಣಂತಿಯರ ಭೇಟಿ ಚಾಳಿಗೊಬ್ಬರಂತೆ ಹಂಚಿಕೊಂಡರು. ಸಂಡೆ ಸ್ಕೂಲಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಹಿಂದಿನ ಅಮ್ಮನವರನ್ನು ಕ್ರಿಸ್‌ಮಸ್ಸಿಗೆ ಕರೆಸಿ, ಭಾನುವಾರದ ಆರಾಧನೆಯಲ್ಲಿ ಅವರಿಂದಲೇ ಪ್ರಸಂಗ ಮಾಡಿಸಬೇಕು ಅಂತ ಕೇಳಿದೆ. ಒಪ್ಪಿದ್ದಾರೆ. ಫೋನ್ ಮಾಡಿ ಹೇಳಿದಾಗ ಅಮ್ಮನವರು, ‘ಎರಡು ಮಾತು ಹೇಳಲಾ?’ ಅಂದರು. ಅಲ್ಲ ಅಮ್ಮ, ಪ್ರಸಂಗ, ಅಂದೆ.

ಚಿಂಚವಾಡದ ಅಣ್ಣನವರೇ, ನಿಮ್ಮ ನಂಬರ್ ಸಿಕ್ಕಿತು. ಹೋದ ಶುಕ್ರವಾರ ರಾತ್ರಿ ಒಂದೂವರೆಗೆ ಕರೆ ಮಾಡಿದ್ದು ನಾನೇ. ಆ ತಾಯಿ ಈಗ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾರೆ. ಗಾಡಿಯಲ್ಲಿ ನಿಮ್ಮ ಮನೆಯವರು ಕೊಟ್ಟ ಶಾಲು ನನ್ನ ಹತ್ತಿರವೇ ಉಳಿದಿದೆ. ಭಾನುವಾರ ತಂದುಕೊಡುತ್ತೇನೆ.